ಅಯ್ಯರ ಗುಡ್ಡಕ್ಕೆ ಮನೆಗೊಂದು ಕನ್ನು

ಒಂದು ಬೀದಿ ಕನ್ನಡ ಮಾತಾಡುತ್ತಾ, ಪಕ್ಕದ ಬೀದಿ ತಮಿಳು ಮಾತಾಡುತ್ತಾ, ಎರಡರ ನಡುವೆ ಒಂದು ಚರ್ಚು ಇದ್ದರೆ ನಗುವುದಕ್ಕೆ ಬೇರೆ ಏರ್ಪಾಡು ಬೇಕಾಗುವುದಿಲ್ಲ. ತಮಿಳು ಸೀಮೆಯ ಕಂಬಂ ಕಣಿವೆಯಲ್ಲಿ, ಚಿನ್ನಮನೂರಿನ ಬಸ್ಸು ಇಳಿದು ಗದ್ದೆಯ ಬದುವಿನಲ್ಲಿ ನಡೆದು ಸೇರಬೇಕಾದ ನಮ್ಮೂರಿನಲ್ಲಿ ಇಂಥ ಪ್ರಸಂಗಗಳು ನಡೆಯುತ್ತಲೇ ಇದ್ದವು. ಈಗಲೂ ನಡೆಯುತ್ತಿರಬೇಕು. ಮನೆಗೆ ತಂದು ಹೇಳುವವರಿಲ್ಲ, ಅಷ್ಟೆ.

ತಂದು ಹೇಳುತ್ತಿದ್ದವಳು ನನ್ನ ಹೆಂಡತಿ. ನಾನು ಚರ್ಚಿಗೆ ಸೇರಿದ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು. ಅವಳು ಹೇಳುತ್ತಿದ್ದಳು, ನಾನು ತಿದ್ದುತ್ತಿದ್ದೆ. “ಭಾನುವಾರವಲ್ಲ, ಶನಿವಾರ.” “ಕೆಂಪು ಸೀರೆಯಲ್ಲ, ಕಾವಿ.” ಅವಳು ರೇಗಿ, “ನೀವು ತಿದ್ದಿ ಮುಗಿಸೋ ಹೊತ್ತಿಗೆ ನಗು ಆರಿಹೋಗಿರುತ್ತೆ” ಅನ್ನುತ್ತಿದ್ದಳು. ಹೋದ ವರ್ಷ ಪಂಗುನಿಯಲ್ಲಿ, ಯುಗಾದಿಯ ಹೊತ್ತಿಗೆ, ಅವಳು ತೀರಿಕೊಂಡಳು. ಕಥೆಗಳು ಅವಳ ಜೊತೆ ಹೋದವು, ತಿದ್ದುಪಡಿಗಳು ನನ್ನ ಬಳಿ ಉಳಿದವು. ಅವುಗಳನ್ನೇ ಜೋಡಿಸಿ ಕಥೆಯನ್ನು ಹಿಂದಕ್ಕೆ ತರಲು ನೋಡುತ್ತಿದ್ದೇನೆ.

ನಮ್ಮ ಬೀದಿಯವರು ನೂರಾರು ವರ್ಷದ ಹಿಂದೆ ದನ ಹೊಡೆದುಕೊಂಡು ಇಲ್ಲಿಗೆ ಬಂದ ಒಕ್ಕಲು ಜನ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು. ಓದುವ ಬರೆಯುವ ಕನ್ನಡ ಯಾರಿಗೂ ಇರಲಿಲ್ಲ. ನನ್ನ ಹೆಂಡತಿ ಮಾತ್ರ ಕೊಳ್ಳೇಗಾಲದ ಕಡೆಯವಳು. ನಮ್ಮ ಮದುವೆಯ ಹೊತ್ತಿಗೆ ಆ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷವಾಗಿತ್ತು. ನಾನೀಗ ಬರೆಯುತ್ತಿರುವ ಈ ಅಕ್ಷರ ನನಗೆ ಕಲಿಸಿದವಳು ಅವಳೇ. ಕಾವೇರಿಯ ದಡದಲ್ಲಿ ಬೆಳೆದವಳಾದ್ದರಿಂದ ಇಲ್ಲಿ ಅವಳಿಗೆ ಒಂದೇ ಕೊರತೆ ಇತ್ತು. “ನೀರಿನ ಸದ್ದಿಲ್ಲದ ಊರಲ್ಲಿ ನಿದ್ದೆ ಹೇಗ್ರೀ ಬರುತ್ತೆ?” ಅನ್ನುತ್ತಿದ್ದಳು. ಚರ್ಚಿನ ಹಿಂದೆ ಚರ್ಚಿಗೇ ಸೇರಿದ ಒಂದು ಬೋಳು ಗುಡ್ಡವಿದೆ. ಅದರ ಹಳ್ಳ ನಮ್ಮ ಹಿತ್ತಲ ಪಕ್ಕದಲ್ಲೇ ಇಳಿಯುತ್ತದೆ. ಗುಡ್ಡದ ಮೇಲೆ ಮರಗಳಿದ್ದ ಕಾಲದಲ್ಲಿ ಮಾಸಿ ತಿಂಗಳವರೆಗೂ, ಅಂದರೆ ಶಿವರಾತ್ರಿಯವರೆಗೂ, ಹರಿಯುತ್ತಿತ್ತಂತೆ. ಅವಳು ಮದುವೆಯಾಗಿ ಬರುವ ಹೊತ್ತಿಗೆ ಮಳೆ ನಿಂತ ವಾರಕ್ಕೇ ಬತ್ತಿ, ಕಲ್ಲು ಕಾಣುತ್ತಿತ್ತು. ಅವಳು ಆ ಕಲ್ಲುಗಳನ್ನು ನೋಡಿಕೊಂಡು ಪಾತ್ರೆ ತೊಳೆಯುತ್ತಿದ್ದಳು.

ಪಂಚಾಂಗವಿಲ್ಲದ ಅಯ್ಯರು

ನಮ್ಮ ಕಡೆ ತಮಿಳು ಕ್ರೈಸ್ತರು ತಮ್ಮ ಪಾದ್ರಿಯನ್ನು ‘ಅಯ್ಯರ್’ ಎಂದು ಕರೆಯುತ್ತಾರೆ. ಇದು ನಮ್ಮ ಬೀದಿಯ ಎಲ್ಲರಿಗೂ ಗೊತ್ತಿರಲಿಲ್ಲ.

ಹೊಸದಾಗಿ ಬಂದ ಅಯ್ಯರು ದಕ್ಷಿಣದ ಕರಾವಳಿಯವರು, ತಾಳೆಮರಗಳ ಸೀಮೆಯವರು. ಬಸ್ಸಿಳಿದಾಗ ಅವರ ಬಳಿ ಒಂದು ಟ್ರಂಕು, ಎರಡು ಗೋಣಿಚೀಲ. ಚೀಲದಲ್ಲಿ ಪುಸ್ತಕ ಇರಬೇಕೆಂದು ಭಕ್ತಿಯಿಂದ ಹೆಗಲಿಗೇರಿಸಿದೆವು. ಇದ್ದದ್ದು ಹುಣಸೆ ಬೀಜ, ಬೇವಿನ ಬೀಜ. “ದೇವರು ಮೊದಲು ತೋಟ ಮಾಡಿ ಆಮೇಲೆ ಮನುಷ್ಯನನ್ನು ಇಟ್ಟರು. ನಾವು ಮನುಷ್ಯರನ್ನು ಸೇರಿಸಿ ಬೆಂಚು ಹಾಕುತ್ತೇವೆ, ತೋಟ ಮರೆತುಬಿಡುತ್ತೇವೆ” ಅನ್ನುವುದು ಅವರ ಮಾತು. ಗಿಡ ನೆಡುವುದನ್ನು ಅವರು ಪ್ರಾರ್ಥನೆಯ ಜೊತೆಗೇ ಸೇರಿಸಿಬಿಟ್ಟಿದ್ದರು. ಮಗುವಿಗೆ ಜ್ಞಾನಸ್ನಾನವಾದರೆ ಒಂದು ಗಿಡ, ಮದುವೆಗೊಂದು ಗಿಡ, ಮಣ್ಣಿಗೆ ಹೋದವರ ಹೆಸರಿನಲ್ಲೂ ಒಂದು ಗಿಡ.

ನಮ್ಮ ಬೀದಿಯ ಹಿರಿಯಜ್ಜಿಗೆ ‘ಊರಿಗೆ ಅಯ್ಯರು ಬಂದಿದ್ದಾರೆ’ ಎಂಬಷ್ಟೇ ಸುದ್ದಿ ಮುಟ್ಟಿತು. ವೀಳ್ಯದೆಲೆ, ತೆಂಗಿನಕಾಯಿ ತೆಗೆದುಕೊಂಡು ಚರ್ಚಿನ ಜಗಲಿಗೆ ಹೋದಳು.

“ಸಾಮಿ, ಇತ್ತಲಲ್ಲಿ ತೆಂಗು ಮಡಗ್ಬೇಕು. ಒಳ್ಳೆ ನಾಳು ನೋಡಿ ಯೋಳಿ.”

ಅಯ್ಯರು ಆಕಾಶ ನೋಡಿದರು. “ಮಳೆ ಬಂದ ಮಾರನೆಯ ದಿನ, ಅಮ್ಮ.”

“ರಾವುಕಾಲ?”

“ಗಿಡಕ್ಕೆ ಬೇಸಿಗೆಯೇ ರಾಹುಕಾಲ.”

ಅಜ್ಜಿ ಸೀದಾ ನಮ್ಮ ಮನೆಗೆ ಬಂದು ತೀರ್ಪು ಕೊಟ್ಟಳು: “ಪಂಚಾಂಗ ತೆರೀದೆ ಯೋಳ್ಬುಟ್ಟ ಕಣವ್ವಾ! ಬಲೇ ಓದ್ದೋನು. ಆದ್ರೆ ಮೈಮ್ಯಾಲೆ ಜನಿವಾರ ಮಾತ್ರ ಕಾಣ್ನಿಲ್ಲ.”

ನನ್ನ ಹೆಂಡತಿ ಮುಖದ ಒಂದು ಗೆರೆಯನ್ನೂ ಅಲುಗಿಸದೆ ಹೇಳಿದಳು: “ಅವರು ಸಮುದ್ರದ ಕಡೆಯ ಅಯ್ಯರು ಅಜ್ಜೀ. ಆ ಉಪ್ಪುಗಾಳಿಗೆ ಜನಿವಾರ ಬಾಳಿಕೆ ಬರೋದಿಲ್ಲ.”

ಇದೊಂದನ್ನು ನಾನು ತಿದ್ದಲು ಹೋಗಲಿಲ್ಲ.

ಗುಡ್ಡ ಎಲ್ಲಿ ಓಡಿಹೋಗುತ್ತದೆ

ಶಾಲೆಯ ಅಂಗಳದಲ್ಲಿ ಒಂದು ಸಂಜೆ ಅಯ್ಯರು ಎರಡೂ ಬೀದಿಯವರನ್ನು ಕೂಡಿಸಿ ಮಾತಾಡಿದರು. ತಮಿಳಿನಲ್ಲಿ ಬೆಟ್ಟಕ್ಕೆ ‘ಮಲೈ’ ಎನ್ನುತ್ತಾರೆ. “ಮಲೈಯನ್ನು ನಾವು ಕಾಪಾಡಿದರೆ ಮಲೈ ನಮ್ಮನ್ನು ಕಾಪಾಡುತ್ತದೆ” ಎಂದು ಮತ್ತೆ ಮತ್ತೆ ಹೇಳಿದರು. ಅಂದು ಅವರಿಗೆ ನೆಗಡಿ. ನಮ್ಮ ಬೀದಿಯ ಯಜಮಾನರಿಗೆ ಒಂದು ಕಿವಿ ಮಂದ. ಎರಡೂ ಸೇರಿ ‘ಮಲೈ’ ಎಂಬುದು ದಾರಿಯಲ್ಲೇ ‘ಮಳೆ’ ಆಯಿತು.

ಸಭೆ ಮುಗಿದ ಮೇಲೆ ಯಜಮಾನರು ನನ್ನನ್ನು ಬೇವಿನ ಮರದ ಕೆಳಗೆ ಕರೆದರು. “ವಾತ್ಯಾರೇ, ಮನಸ್ಸಿನಾಗೆ ಇಟ್ಕೋಬ್ಯಾಡಿ. ನಿಮ್ಮ ಅಯ್ಯರ್ಗೆ ತಲೆ ಸರೀಗೈತಾ? ಮಳೇನ ಕಾಪಾಡ್ಬೇಕಂತೆ! ಅದೇನ್ ಕೋಳಿ ಮರಿಯಾ, ಕುಕ್ಕೆ ಮುಚ್ಚಿ ಮಡಗಾಕೆ?”

“ಮಳೆ ಅಲ್ಲ ಯಜಮಾನ್ರೇ, ಮಲೈ. ಗುಡ್ಡ.”

“ಓ, ಗುಡ್ಡವಾ?” ಅವರು ತಿರುಗಿ ಗುಡ್ಡವನ್ನು ಒಮ್ಮೆ ಚೆನ್ನಾಗಿ ನೋಡಿದರು. “ಅದನ್ನೇನಪ್ಪಾ ಕಾಯೋದು? ಅದೆಲ್ಲಿ ಓಡೋಯ್ತದೆ?”

ಓಡಿಹೋಗುವ ಏರ್ಪಾಡು ಆಗಲೇ ನಡೆದಿತ್ತು. ಚರ್ಚಿನ ಸಭೆಯಲ್ಲಿ ಒಬ್ಬ ಹಿರಿಯರಿದ್ದರು. ಚರ್ಚಿಗೆ ಎತ್ತರದ ಗಂಟೆಗೋಪುರ ಆಗಬೇಕೆಂಬುದು ಅವರ ಜೀವನದ ಆಸೆ. ಗುಡ್ಡವನ್ನು ಕಲ್ಲು ಒಡೆಯುವವನೊಬ್ಬನಿಗೆ ಬಿಟ್ಟುಕೊಟ್ಟರೆ ಗೋಪುರಕ್ಕೆ ಬೇಕಾದ ಕಲ್ಲು ಅವನೇ ಕೊಡುತ್ತಾನೆ ಎಂದು ಮಾತಾಗಿತ್ತು. ಅಯ್ಯರು ಬೇಡವೆಂದರು. ಹಿರಿಯರು, “ಬೋಳು ಗುಡ್ಡ ಯಾರ ಬಾಯಿಗೆ?” ಅಂದರು. ಕೊನೆಗೆ ಮುಂದಿನ ಐಪ್ಪಸಿಯಲ್ಲಿ, ದೀಪಾವಳಿಯ ಮಳೆಗೆ, ಬಿಷಪ್ಪರು ಬಂದಾಗ ತೀರ್ಮಾನ ಎಂದಾಯಿತು. ಗುಡ್ಡದ ಮೇಲೆ ಹಸಿರು ಕಂಡರೆ ಗುಡ್ಡ ಉಳಿಯುತ್ತದೆ, ಬರೀ ಕಲ್ಲು ಕಂಡರೆ ಕಲ್ಲಿನವನಿಗೆ.

ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು. “ಗುಡ್ಡ ಹೋದರೆ ಹಳ್ಳ?” ಎಂದಳು. ಕೈಯಲ್ಲಿದ್ದ ಪಾತ್ರೆಯನ್ನು ಬೋರಲು ಹಾಕಿ ಅವಳೇ ಹೇಳಿದಳು: “ಯಜಮಾನರಿಗೆ ತಿಳಿಸಿಬಿಡಿ. ಗುಡ್ಡ ಓಡಿಹೋಗಲ್ಲ, ಲಾರಿ ಹತ್ತಿಕೊಂಡು ಹೋಗುತ್ತೆ.”

ಒಲೆಗೆ ಉಪವಾಸ

ಈಸ್ಟರಿಗೆ ಮುಂಚಿನ ನಲವತ್ತು ದಿನ ಕ್ರೈಸ್ತರಿಗೆ ತಪಸ್ಸಿನ ಕಾಲ. ಒಬ್ಬರು ಮಾಂಸ ಬಿಡುತ್ತಾರೆ, ಇನ್ನೊಬ್ಬರು ಬೀಡಿ. ಅಯ್ಯರು ಆ ವರ್ಷ ಹೊಸ ಉಪವಾಸ ಸಾರಿದರು. ಶುಕ್ರವಾರ ಯಾರೂ ಒಲೆ ಹಚ್ಚಬಾರದು. “ನಿಮ್ಮ ಹೊಟ್ಟೆಗೆ ಬೇಡ, ಒಲೆಗೆ ಉಪವಾಸ ಹಾಕಿ. ವಾರಕ್ಕೊಂದು ದಿನ ಗುಡ್ಡದಿಂದ ಸೌದೆ ಇಳಿಯದಿರಲಿ.”

ಬಡವರಿಗೆ ಇದು ಸುಲಭವಾಯಿತು. ಅವರು ಬೆಳಗ್ಗೆ ಹೇಗೂ ತಂಗಳನ್ನವನ್ನೇ ಉಣ್ಣುತ್ತಿದ್ದರು, ಅಂದು ಅದಕ್ಕೆ ಪುಣ್ಯವೂ ಸೇರಿತು. ಇಡೀ ಬೀದಿಯಲ್ಲಿ ಹೊಗೆ ಏಳಲಿಲ್ಲ. ನನ್ನ ಹೆಂಡತಿಯೂ ಒಲೆ ಹಚ್ಚದೆ ನನಗೆ ಮಜ್ಜಿಗೆ, ಅವಲಕ್ಕಿ ಕೊಟ್ಟಳು. “ನಾವು ಆ ಧರ್ಮದವರಲ್ಲವಲ್ಲ” ಅಂದೆ. “ಹಳ್ಳ ಯಾವ ಧರ್ಮದ್ದು?” ಅಂದಳು.

ಗೋಪುರದ ಹಿರಿಯರು ಆ ಶುಕ್ರವಾರ ಬಹಳ ಭಕ್ತಿಯಿಂದ ಮನೆಗೆ ಬೀಗ ಹಾಕಿ, ಹೆಂಡತಿ ಮಕ್ಕಳೊಂದಿಗೆ ಚಿನ್ನಮನೂರಿಗೆ ಬಸ್ಸು ಹತ್ತಿದರು. ಅಲ್ಲಿ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಬಿರಿಯಾನಿ ತಿನ್ನುತ್ತಾ ಕೂತಿದ್ದಾಗ ಕಿಟಕಿಯ ಪಕ್ಕದಲ್ಲಿ ಅಯ್ಯರು ಹಾದುಹೋದರು. ಹಿರಿಯರು ಎದ್ದು ನಿಂತು ಎಂಜಲು ಕೈಯಲ್ಲೇ ಸಲಾಮು ಮಾಡಿ, “ಅಯ್ಯರೇ, ನಮ್ಮ ಒಲೆ ಇವತ್ತು ಖಂಡಿತ ಉಪವಾಸ!” ಅಂದರು.

ಅಯ್ಯರು ನಡಿಗೆ ಜೋರು ಮಾಡಿದರು. ಹೋಟೆಲಿನ ಯಜಮಾನ ಅವರ ಹಿಂದೆಯೇ ಓಡಿಬಂದು ಕೈಮುಗಿದ: “ಸಾಮೀ, ಈ ವ್ರತ ಬಲು ಒಳ್ಳೆಯದು. ವರ್ಷಪೂರ್ತಿ ಮಾಡಿಸಲಿಕ್ಕೆ ಆಗಲ್ಲವಾ?”

ಪಾಪ

ಇದು ಚಿಕ್ಕದು. ಗುಡ್ಡದ ಇಳಿಜಾರಿನಲ್ಲಿ ಒಬ್ಬ ಹೆಂಗಸು ಅಳಿದುಳಿದ ಪೊದೆಯ ಹಸಿ ಕೊಂಬೆ ಕಡಿಯುವುದನ್ನು ಕಂಡು ಅಯ್ಯರು ಓಡಿದರು. ಪಾಪ ಎಂಬ ಮಾತಿಗೆ ತಮಿಳಿನಲ್ಲೂ ನಮ್ಮಲ್ಲಿರುವ ಹಾಗೆ ಎರಡು ಅರ್ಥ. ಅಯ್ಯರು ಏದುಸಿರು ಬಿಡುತ್ತಾ, “ಪಾವಂ! ಪಾವಂ!” ಅಂದರು.

ಆಕೆಯ ಕಣ್ಣಲ್ಲಿ ನೀರು ಬಂತು. “ಹೌದು ಸಾಮೀ. ಈ ಊರಲ್ಲಿ ನನ್ನ ನೋಡಿ ‘ಪಾಪ’ ಅಂದೋರು ನೀವೊಬ್ಬರೇ. ಸ್ವಲ್ಪ ಕೈ ಕೊಡಿ, ಹೊರೆ ಎತ್ತಬೇಕು.”

ಅಯ್ಯರು ಎತ್ತಿಕೊಟ್ಟರು. ಅದೇ ಹೊತ್ತಿಗೆ ಗೋಪುರದ ಹಿರಿಯರು ಕಲ್ಲಿನವನನ್ನು ಗುಡ್ಡ ತೋರಿಸಲು ಕರೆದುಕೊಂಡು ಬಂದರು. ಪಾದ್ರಿ ತಮ್ಮ ಕೈಯಾರೆ ಗುಡ್ಡದ ಸೌದೆಯನ್ನು ಆಕೆಯ ತಲೆಯ ಮೇಲೆ ಇಡುತ್ತಿರುವುದನ್ನು ಇಬ್ಬರೂ ನಿಂತು ನೋಡಿದರು.

“ಗುಡ್ಡ ಕಾಯುವುದು ಅಂದರೆ ಇದೇನಾ ಅಯ್ಯರೇ?” ಎಂದು ಹಿರಿಯರು ಕೇಳಿದರು.

“ಪಾವಂ” ಅಂದರು ಅಯ್ಯರು. ಯಾವ ಅರ್ಥದಲ್ಲಿ ಎಂದು ನಾನು ಮಾರನೆಯ ದಿನ ಕೇಳಿದೆ. ತಮಗೂ ಸರಿಯಾಗಿ ಗೊತ್ತಾಗಲಿಲ್ಲ ಎಂದರು.

ತಡವಾಗಿ ಬಂದವರ ನೀರು

ಚಿತ್ತಿರೈ ಬಿಸಿಲಿಗೆ ಅಯ್ಯರು ಗುಡ್ಡದ ಬುಡದಲ್ಲಿ ನೆಟ್ಟಿದ್ದ ಮೊದಲ ಸಾಲಿನ ಗಿಡಗಳು ಬಾಡತೊಡಗಿದವು. ನೀರು ಹೊರಲು ಜನರಿಲ್ಲ. ಭಾನುವಾರದ ಆರಾಧನೆಗೆ ಜನ ಯಾವಾಗಲೂ ತಡವಾಗಿ ಬರುತ್ತಿದ್ದರು. ಅಯ್ಯರು ಎರಡು ಕಷ್ಟಕ್ಕೆ ಒಂದೇ ಮದ್ದು ಹುಡುಕಿದರು: ಗಂಟೆಯಾದ ಮೇಲೆ ಬಂದವರು ಒಳಗೆ ಬರುವ ಹಾಗಿಲ್ಲ, ಮೊದಲು ಬಾವಿಯಿಂದ ಒಂದು ಕೊಡ ನೀರು ಗುಡ್ಡಕ್ಕೆ ಹೊತ್ತು ಆಮೇಲೆ ಬರಬೇಕು.

ಮೊದಲ ವಾರ ನಾಲ್ಕೈದು ಜನ ತಲೆ ತಗ್ಗಿಸಿಕೊಂಡು ನೀರು ಹೊತ್ತರು. ಅಯ್ಯರ ಉಪದೇಶ ಉದ್ದ, ಚರ್ಚಿನ ತಗಡು ಸುಡುತ್ತಿತ್ತು. ಬಾವಿಯ ಬಳಿ ಮಾವಿನ ನೆರಳು, ತಣ್ಣನೆ ನೀರು, ಕೊಡ ತುಂಬುವವರೆಗೆ ಹರಟೆ. ಈ ಸುದ್ದಿ ವಾರದೊಳಗೆ ಹರಡಿತು. ತಡವಾಗಿ ಬರುವವರು ಹೆಚ್ಚುತ್ತಾ ಹೋದರು. ತಡವಾಗಲೇಬೇಕೆಂದು ಮನೆಯಿಂದ ಬೇಗ ಹೊರಟು ಬೇಲಿಯ ಮರೆಯಲ್ಲಿ ಗಂಟೆಗಾಗಿ ಕಾಯುವವರೂ ಇದ್ದರು. ನನ್ನ ಹೆಂಡತಿ ಹಿತ್ತಲಿನಿಂದ ಇದನ್ನೆಲ್ಲ ನೋಡಿ, “ಈ ಊರಲ್ಲಿ ಗಿಡ ಬದುಕೋದು ಭಕ್ತಿಯಿಂದಲ್ಲ ಕಣ್ರೀ, ಸೋಮಾರಿತನದಿಂದ” ಅನ್ನುತ್ತಿದ್ದಳು.

ಒಂದು ಭಾನುವಾರ ಅಯ್ಯರು ಉಪದೇಶ ಆರಂಭಿಸಿ ತಲೆ ಎತ್ತಿದಾಗ ಒಳಗಿದ್ದವರು ಒಬ್ಬರೇ. ಯಾವತ್ತೂ ತಡಮಾಡದ ಗೋಪುರದ ಹಿರಿಯರು, ಮುಂದಿನ ಬೆಂಚಿನಲ್ಲಿ ಗಾಢ ನಿದ್ದೆಯಲ್ಲಿದ್ದರು. ಗಂಟೆ ಹೊಡೆದವನೂ ಕೊಡ ಹಿಡಿದು ಹೋಗಿದ್ದ. ಅಯ್ಯರು ಪುಸ್ತಕ ಮುಚ್ಚಿ, ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಾಗದಂತೆ ಹೊರಗೆ ಬಂದು ತಾವೂ ಒಂದು ಕೊಡ ಎತ್ತಿದರು.

ಹಿರಿಯರಿಗೆ ಎಚ್ಚರವಾಯಿತು. ಚರ್ಚು ಖಾಲಿ. ಚರ್ಚಿನ ಬೈಬಲ್ಲುಗಳು ಬೆಂಚಿನ ಮೇಲೆಯೇ ಇವೆ, ಜನರಿಲ್ಲ. ಲೋಕದ ಕಡೆಯ ದಿನ ಬಂದಾಗ ದೇವರು ನಂಬಿದವರನ್ನೆಲ್ಲ ಮೇಲಕ್ಕೆ ಎತ್ತಿಕೊಳ್ಳುತ್ತಾರೆ, ಉಳಿದವರು ಇಲ್ಲೇ ಎಂದು ಅವರು ಚಿಕ್ಕಂದಿನಿಂದ ಕೇಳಿದ್ದರು. ಬಾಗಿಲಿಗೆ ಓಡಿ ನೋಡಿದರೆ ಊರಿನ ಕ್ರೈಸ್ತರೆಲ್ಲ, ಹೆಂಗಸರು ಮಕ್ಕಳು ಸಮೇತ, ಭಾನುವಾರದ ಬಿಳಿ ಬಟ್ಟೆಯಲ್ಲಿ ಗುಡ್ಡದ ಮೇಲಕ್ಕೆ ಮೇಲಕ್ಕೆ ಹೋಗುತ್ತಿದ್ದಾರೆ. ಎಲ್ಲರಿಗಿಂತ ಮೇಲೆ ಅಯ್ಯರು.

“ನಿಲ್ಲೀ! ನಾನೂ ಬರ್ತೀನಿ! ನನ್ನ ಬಿಟ್ಟುಹೋಗಬೇಡೀ!” ಎಂದು ಹಿರಿಯರು ಕೂಗಿದ್ದು ನಮ್ಮ ಹಿತ್ತಲಿಗೆ ಕೇಳಿಸಿತು.

ಮೇಲಿನಿಂದ ಅಯ್ಯರ ದನಿ ಬಂತು: “ಬನ್ನಿ, ಬನ್ನಿ. ಬರುವಾಗ ಕೈಯಲ್ಲಿ ಒಂದು ಕೊಡ ಇರಲಿ!”

ಕನ್ನು ಬಂತು

ಐಪ್ಪಸಿ ಬಂತು, ಮಳೆ ಹಿಡಿಯಿತು. ಬಿಷಪ್ಪರು ಮುಂದಿನ ಭಾನುವಾರ ಬರುತ್ತಾರೆಂದು ಸುದ್ದಿ ಬಂತು. ನೀರು ಹೊತ್ತು ಉಳಿಸಿದ ಸಾಲು ಬುಡದಲ್ಲಿ ಒಂದು ಹಸಿರು ಅಂಚಿನಂತೆ ಕಾಣುತ್ತಿತ್ತು. ಮೇಲೆಲ್ಲ ಬರೀ ಬಂಡೆ. ಚರ್ಚಿನವರು ಮಾತ್ರ ನೆಟ್ಟರೆ ಗುಡ್ಡ ತುಂಬುವುದಿಲ್ಲ ಎಂದು ಅಯ್ಯರಿಗೆ ಗೊತ್ತಿತ್ತು. ನಮ್ಮ ಮನೆಗೆ ಬಂದು ನನ್ನ ಹೆಂಡತಿಯನ್ನು ಕೇಳಿಕೊಂಡರು: “ಅಮ್ಮ, ನಿಮ್ಮ ಬೀದಿಯವರೂ ಮನೆಗೊಂದು ಗಿಡ ತಂದರೆ ಗುಡ್ಡ ಉಳಿಯುತ್ತದೆ. ನಿಮ್ಮ ಭಾಷೆಯಲ್ಲಿ ನೀವೇ ಹೇಳಿದರೆ ಕೇಳುತ್ತಾರೆ.”

ಅವಳು ಅಂದೇ ಹೊರಟಳು, ಒಂದು ಮನೆ ಬಿಡಲಿಲ್ಲ. ಅವಳಿಗೆ ಮೈಯಲ್ಲಿ ಆಗಲೇ ಅಷ್ಟು ಕಸುವಿರಲಿಲ್ಲ. ಜಗಲಿ ಜಗಲಿಯಲ್ಲಿ ಕೂತು ಸುಧಾರಿಸಿಕೊಂಡು ಹೋದಳು.

“ಭಾನುವಾರ ಚರ್ಚಿನ ಗುಡ್ಡಕ್ಕೆ ಮನೆಗೊಂದು ಸಸಿ ತರಬೇಕು” ಎಂದಳು. ಸಸಿ ಎಂಬ ಮಾತು ನಮ್ಮ ಬೀದಿಯಲ್ಲಿ ಇಲ್ಲ. ನಾವು ನಾತು ಎನ್ನುತ್ತೇವೆ. ಅದು ಅವಳಿಗೆ ಗೊತ್ತಿರಲಿಲ್ಲ.

“ಸಸಿಯಾ? ಅಂಗಂದ್ರೆ?” ಎಂದು ಯಜಮಾನರು ಕೇಳಿದರು.

ಅವಳು ತಾನು ಕಷ್ಟಪಟ್ಟು ಕಲಿತ ತಮಿಳಿನಿಂದ ಒಂದು ಮಾತು ತೆಗೆದಳು. “ಅದೇ, ಕನ್ನು!”

ತಪ್ಪೇನಲ್ಲ. ತಮಿಳಿನಲ್ಲಿ ಎಳೆಯ ಗಿಡಕ್ಕೂ ಕನ್ನು ಎನ್ನುತ್ತಾರೆ. ಕರುವಿಗೂ ಕನ್ನು ಎನ್ನುತ್ತಾರೆ. ದನ ಕಟ್ಟಿ ಬಾಳಿದ ನಮ್ಮ ಬೀದಿಯವರು ತಮಿಳು ಕಲಿತದ್ದೇ ದನದ ಸಂತೆಯಲ್ಲಿ. ಅವರ ಕಿವಿಗೆ ಕನ್ನು ಒಂದೇ, ನಾಲ್ಕು ಕಾಲಿನದು.

“ಓಹೋ, ಕನ್ನು!” ಯಜಮಾನರ ಮುಖ ಅರಳಿತು. ನಮ್ಮವರಲ್ಲಿ ದೇವರಿಗೆ ಕರು ಬಿಡುವುದಕ್ಕಿಂತ ದೊಡ್ಡ ಸೇವೆ ಇಲ್ಲ. “ಈ ಅಯ್ಯರು ಕಡೇಗೆ ದಾರೀಗೆ ಬಂದ ಬುಡವ್ವಾ. ಗಿಡ ಗಿಡ ಅಂತಿದ್ದೋನು ಈಗ ದೇವ್ರ ದನ ಕಟ್ತಾನಂತೆ! ಮನೆಗೊಂದು ಏನು, ಇರೋವೆಲ್ಲಾ ತತ್ತೀವಿ.”

ಅವಳು ಮನೆಗೆ ಬಂದು, “ಎಷ್ಟು ಒಳ್ಳೆಯ ಜನರೀ! ಒಬ್ಬರಾದರೂ ಇಲ್ಲ ಅನ್ನಲಿಲ್ಲ. ದೇವರ ದನ ಕಾಪಾಡಲಿ ಅಂತ ಏನೇನೋ ಹರಸಿದರು” ಅಂದಳು. ಸಂತೋಷದಿಂದ ಅವಳ ಕಣ್ಣು ಹೊಳೆಯುತ್ತಿತ್ತು. ದನ ಯಾಕೆ ಬಂತು ಎಂದು ನಾನೂ ಕೇಳಲಿಲ್ಲ.

ಭಾನುವಾರ ಬೆಳಗ್ಗೆ ಮಳೆ ಬಿಟ್ಟಿತ್ತು. ಕ್ರೈಸ್ತರು ತಾವು ತಂದ ಆಲ, ಅರಳಿ, ನೇರಳೆ, ಹುಣಸೆ, ಬೇವಿನ ಗಿಡಗಳನ್ನು ಗುಡ್ಡದ ಬುಡದಲ್ಲಿ ಜೋಡಿಸಿ ಇಟ್ಟಿದ್ದರು. ಬಿಷಪ್ಪರು ಬಿಳಿ ನಿಲುವಂಗಿಗೆ ಕೆಂಪು ಪಟ್ಟಿ ಕಟ್ಟಿಕೊಂಡು ನಿಂತಿದ್ದರು. ಪಕ್ಕದಲ್ಲಿ ಗೋಪುರದ ಹಿರಿಯರು ಬಂಡೆಗಳನ್ನು ಒಂದೊಂದಾಗಿ ತೋರಿಸುತ್ತಿದ್ದರು. ಪ್ರಾರ್ಥನೆಯ ಹಾಡು ಶುರುವಾಗುತ್ತಿದ್ದಂತೆ ನಮ್ಮ ಬೀದಿಯ ಕಡೆಯಿಂದ ತಮಟೆಯ ಸದ್ದು ಕೇಳಿಸಿತು.

ಬೀದಿಗೆ ಬೀದಿಯೇ ಬಂತು. ಮುಂದೆ ಯಜಮಾನರು, ತಲೆಗೆ ಹೊಸ ರುಮಾಲು. ಹಿಂದೆ ಕರುಗಳು. ಮೈಗೆ ಅರಿಶಿನ, ಕೊರಳಿಗೆ ಸೇವಂತಿಗೆ, ಹಣೆಗೆ ಕುಂಕುಮ. ಕರುಗಳ ಹಿಂದೆ, ಹಗ್ಗ ಕಿತ್ತುಕೊಂಡು ಬಂದ ಅವುಗಳ ತಾಯಂದಿರು. ಕರುವಿಲ್ಲದ ಮನೆಯವನೊಬ್ಬ ಎಮ್ಮೆಯ ಕರು ತಂದು, “ಇದಾಯ್ತದಾ ಅಯ್ಯರೇ, ಇಲ್ಲಾ ನಿಮ್ಮ ದೇವ್ರಿಗೂ ಎಮ್ಮೆ ಆಗಾಕಿಲ್ವಾ?” ಎಂದು ಕೇಳಿದ. ಹಿರಿಯಜ್ಜಿ ಮೇಕೆಯ ಮರಿಯನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಿದ್ದಳು. “ನಮ್ಮನೇಲಿ ಕನ್ನಿಲ್ಲ ಸಾಮೀ. ಈ ವರ್ಸಕ್ಕೆ ಇದ ಇಟ್ಕಳಿ.”

ನನ್ನ ಹೆಂಡತಿ ನನ್ನ ತೋಳು ಹಿಡಿದುಕೊಂಡಳು. “ಅಯ್ಯೋ ಶಿವನೇ” ಅಂದಳು. “ಕನ್ನು.”

ಉಳಿದದ್ದನ್ನು ಹೇಳುವ ಮೊದಲೇ ಅದು ನಡೆದುಹೋಯಿತು. ನಡೆದು ಬಂದು ಹಸಿದಿದ್ದ ಕರುಗಳು, ಸಾಲಾಗಿ ಜೋಡಿಸಿದ ಎಳೆ ಎಲೆಗಳನ್ನು ಕಂಡು ತಮಗೇ ಎಂದುಕೊಂಡವು. ಆಲ ಹೋಯಿತು, ಅರಳಿ ಹೋಯಿತು, ನೇರಳೆ ಹೋಯಿತು. ಬೇವನ್ನು ಮಾತ್ರ ಮೂಸಿ ಬಿಟ್ಟವು. ತಾಯಂದಿರು ಬುಡದ ಹಳೆಯ ಸಾಲಿಗೇ ನುಗ್ಗಿದವು. ತಮಿಳು ಬೀದಿಯ ಹೆಂಗಸರು ಹಾಡುಪುಸ್ತಕದಿಂದ ದನಗಳನ್ನು ಹೊಡೆಯುತ್ತಾ, ಹಾಡನ್ನೂ ಬಿಡದೆ ಓಡಾಡಿದರು. ಎಲ್ಲಕ್ಕಿಂತ ಚಿಕ್ಕ ಕರು ಬಿಷಪ್ಪರ ಕೆಂಪು ಪಟ್ಟಿಯ ತುದಿಯನ್ನು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ ಚೀಪತೊಡಗಿತು. ಬಿಷಪ್ಪರು ಎಳೆಯಲೂ ಆರದೆ, ಬಿಡಲೂ ಆರದೆ, ಕರುವಿನ ತಲೆಯ ಮೇಲೆ ಕೈಯಿಟ್ಟು ನಿಂತರು. ನಮ್ಮ ಬೀದಿಯವರು ಅದನ್ನು ಆಶೀರ್ವಾದವೆಂದು ತಿಳಿದು ಕೈಮುಗಿದರು.

ಗೋಪುರದ ಹಿರಿಯರಿಗೆ ಇಷ್ಟೇ ಬೇಕಿತ್ತು. “ನೋಡಿದಿರಲ್ಲ ಸಾಮೀ? ಇದೇ ನಮ್ಮ ಅಯ್ಯರ ತೋಟ. ಗುಡ್ಡ ಕಲ್ಲಿನವನಿಗೆ ಎಂದು ಹೇಳಿಬಿಡಿ.”

ಅಯ್ಯರ ಕೈಯಲ್ಲಿ ಎಲೆಯಿಲ್ಲದ ಒಂದು ಕಡ್ಡಿ ಇತ್ತು. ನನ್ನ ಹೆಂಡತಿ ಅಳುತ್ತಾ ಹೋಗಿ ಯಜಮಾನರಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಅವರು ಒಳ್ಳೆಯ ಕಿವಿಯನ್ನು ಅವಳ ಕಡೆ ತಿರುಗಿಸಿ ಕೊನೆಯವರೆಗೂ ಕೇಳಿದರು.

“ಅಂದ್ರೆ,” ಎಂದರು ನಿಧಾನವಾಗಿ, “ನಮ್ಮ ಕನ್ನು ನಿಮ್ಮ ಕನ್ನ ತಿಂದ್ಬುಡ್ತಾ?”

“ಹೂಂ.”

ಅವರು ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ನಮ್ಮವರಲ್ಲಿ ಒಂದು ಕಟ್ಟು, ಕುಲದ ಕಟ್ಟಳೆ, ಇದೆ. ಯಾರ ದನ ಪರರ ಪೈರು ಮೇಯಿತೋ ಅವನೇ ಅದನ್ನು ಮತ್ತೆ ನೆಟ್ಟು, ಬೆಳೆಯುವವರೆಗೆ ಕಾಯಬೇಕು. ಮೇದವನ ಕಾವಲು ಎನ್ನುತ್ತೇವೆ. ಅದನ್ನು ಮೀರಿದವನ ಮನೆಯಲ್ಲಿ ನಮ್ಮವರು ನೀರು ಕುಡಿಯುವುದಿಲ್ಲ.

ಯಜಮಾನರು ಬಿಷಪ್ಪರ ಮುಂದೆ ನಿಂತರು. “ಸಾಮೀ, ಮೇದದ್ದು ನಮ್ಮ ದನ. ಗುಡ್ಡ ಇವತ್ತಿಂದ ನಮ್ಮ ಕಾವಲು. ನಾವೇ ಮಡಗ್ತೀವಿ, ನಾವೇ ಬೇಲಿ ಕಟ್ತೀವಿ.”

“ಎಲ್ಲಿಯವರೆಗೆ?” ಎಂದು ಗೋಪುರದ ಹಿರಿಯರು ಗಾಬರಿಯಿಂದ ಕೇಳಿದರು.

“ನಿಂತ ದನದ ಬಾಯಿಗೆ ಎಲೆ ಸಿಕ್ಕದಷ್ಟು ಎತ್ತರ ಆಗೋ ಗಂಟ.”

“ಅಲ್ಲಪ್ಪಾ, ಅಲ್ಲಿ ಕಲ್ಲು ಒಡೆಯಬೇಕು—”

“ಕಾವಲಿನಾಗೆ ಇರೋ ನೆಲಕ್ಕೆ ಆರೆ ಇಕ್ಕಿದ್ರೆ ಕೈ ಮುರೀತೀವಿ ಸಾಮೀ. ತಪ್ಪಾ ತಿಳೀಬ್ಯಾಡಿ, ಕಟ್ಟು ಅಂಗೈತೆ.”

ಬಿಷಪ್ಪರು ಇಡೀ ಬೀದಿಯನ್ನು ನೋಡಿದರು, ಬೋಳು ಗುಡ್ಡವನ್ನು ನೋಡಿದರು. ಪಟ್ಟಿಯ ತುದಿ ಇನ್ನೂ ಕರುವಿನ ಬಾಯಿಯಲ್ಲಿತ್ತು. “ಗುಡ್ಡ ಉಳಿಯಲಿ. ಇಷ್ಟು ಜನ ಕಾವಲಿರುವ ಚರ್ಚನ್ನು ನಾನು ಬೇರೆಲ್ಲೂ ನೋಡಿಲ್ಲ” ಎಂದರು.

ಯಜಮಾನರು ಕಟ್ಟು ತಪ್ಪಲಿಲ್ಲ. ಆ ವಾರವೇ ನೆಟ್ಟರು, ಮುಳ್ಳುಬೇಲಿ ಕಟ್ಟಿದರು, ಸರದಿಯ ಮೇಲೆ ಕಾದರು. ಬೇರು ಹಿಡಿದು ಮಣ್ಣು ನಿಂತಂತೆ ಹಳ್ಳದ ನೀರು ವರ್ಷದಿಂದ ವರ್ಷಕ್ಕೆ ಒಂದಿಷ್ಟು ಹೆಚ್ಚು ದಿನ ನಿಂತಿತು. ಹೋದ ವರ್ಷ ಸಂಕ್ರಾಂತಿ ಕಳೆದು ತೈ ತಿಂಗಳಲ್ಲೂ ಹರಿಯಿತು. ಅವಳಿಗೆ ಏಳಲು ಆಗುತ್ತಿರಲಿಲ್ಲ. ಮಂಚವನ್ನು ಹಿತ್ತಲ ಬಾಗಿಲಿಗೆ ಎಳೆದು ಹಾಕಿದ್ದೆ. “ಕೇಳ್ತಿದೆಯಾ?” ಅಂತ ನಾನು ಕೇಳಿದರೆ, “ಶ್, ಮಾತಾಡಬೇಡಿ” ಅನ್ನುತ್ತಿದ್ದಳು. ಅಯ್ಯರಿಗೆ ದಿಂಡಿಗಲ್ಲಿನ ಕಡೆಗೆ ವರ್ಗವಾಯಿತು. ಈ ವರ್ಷ ಹಳ್ಳ ಮಾಸಿಯನ್ನೂ ದಾಟಿತು. ನಾನು ಒಬ್ಬನೇ ಕೂತು ಕೇಳಿದೆ. ಒಬ್ಬರೇ ಕೇಳಿದರೆ ಅದು ಬರೀ ನೀರಿನ ಸದ್ದು.

ಒಂದು ಮಾತು ಬಿಟ್ಟುಹೋಯಿತು. ಕರುಗಳು ಬಂದ ಮಾರನೆಯ ವರ್ಷ, ಮಳೆಗೆ ಮುಂಚೆ, ಅಯ್ಯರು ಒಂದು ಸಂಜೆ ನಮ್ಮ ಬಾಗಿಲಿಗೆ ಬಂದರು. ಕೂರಲಿಲ್ಲ. ಚಪ್ಪಲಿಯನ್ನು ಬಿಡುವುದೋ ಬೇಡವೋ ಎಂದು ನೋಡುತ್ತಾ ನಿಂತು, ನನ್ನ ಹೆಂಡತಿಗೆ ಸಂಕೋಚದಿಂದ ಹೇಳಿದರು:

“ಅಮ್ಮ, ಈ ಸಲ ಗುಡ್ಡಕ್ಕೆ ಗೊಬ್ಬರ ಬೇಕಾಗಿದೆ. ದಯಮಾಡಿ ಬೀದಿಗೆ ಹೋಗಿ ಏನಾದರೂ ತಪ್ಪು ಹೇಳಿಬನ್ನಿ.”